ಸೌರಫಲಕದ ಹುಟ್ಟು, ಬಾಳು ಮತ್ತು ಅಳಿವು

ಸೂರ್ಯನ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಫಲಕಗಳು ಇಂದು ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳಲ್ಲಿ ಅಪರೂಪದ ವಸ್ತುವಾಗಿ ಉಳಿದಿಲ್ಲ. 2019ರಲ್ಲಿ ಗುಜರಾತ್ ಸರ್ಕಾರದ ‘ಸೂರ್ಯ ಗುಜರಾತ್’ ಯೋಜನೆಯೂ 2024ರ ಫೆಬ್ರುವರಿಯಲ್ಲಿ ಕೇಂದ್ರದ ‘ಪ್ರಧಾನಮಂತ್ರಿ ಸೂರ್ಯಘರ್’ ಯೋಜನೆಯೂ ಜಾರಿಗೆ ಬಂದ ಮೇಲೆ ಸಾಮಾನ್ಯ ಗೃಹಸ್ಥರ ತಾರಸಿಯನ್ನೂ ಅವು ಏರಿವೆ. ವಡೋದರಾದ ಬಳಿ ನರ್ಮದಾ ಕಾಲುವೆಯ ಮೇಲೆಯೇ ಹೊದಿಸಿದ 10 ಮೆಗಾವಾಟ್ ಸಾಮರ್ಥ್ಯದ ಸ್ಥಾವರವನ್ನು 2015ರ ಜನವರಿಯಲ್ಲಿ ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಅವರು ಉದ್ಘಾಟಿಸಿದ್ದರು.

ಈ ವಿದ್ಯುತ್ತಿಗೆ ಹೊಗೆಯಿಲ್ಲ, ಬೂದಿಯಿಲ್ಲ, ಸದ್ದಿಲ್ಲ. ಆದರೆ ಒಂದು ವಸ್ತುವು ಆರೋಗ್ಯಕ್ಕೆ ಹಿತವೋ ಅಹಿತವೋ ಎಂಬುದನ್ನು ಅದರ ಬಳಕೆಯ ಕಾಲವೊಂದನ್ನೇ ನೋಡಿ ನಿರ್ಣಯಿಸಲಾಗದು. ಅದು ಹುಟ್ಟಿದ ಬಗೆ, ಬಾಳಿದ ಬಗೆ, ಕೊನೆಗೆ ಅಳಿಯುವ ಬಗೆ ಈ ಮೂರನ್ನೂ ಒಟ್ಟಾಗಿ ಪರಿಶೀಲಿಸಬೇಕು.

ಹುಟ್ಟು

ಸಾಮಾನ್ಯ ಸಿಲಿಕಾನ್ ಫಲಕದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಗಾಜು. ಉಳಿದುದರಲ್ಲಿ ಪ್ಲಾಸ್ಟಿಕ್ ಜಾತಿಯ ಹಾಳೆಗಳು ಶೇಕಡಾ 10, ಅಲ್ಯೂಮಿನಿಯಂ ಶೇಕಡಾ 8, ಸಿಲಿಕಾನ್ ಶೇಕಡಾ 5, ತಾಮ್ರ ಶೇಕಡಾ 1ರಷ್ಟಿರುತ್ತವೆ. ಬೆಳ್ಳಿ, ತವರ, ಸೀಸಗಳು ಅತ್ಯಲ್ಪ. ಭರೂಚ್ ಜಿಲ್ಲೆಯಲ್ಲಿ 2010ರಿಂದ ಸೌರಫಲಕದ ಗಾಜು ತಯಾರಾಗುತ್ತಿದೆ; ಸೂರತ್ ಪರಿಸರದ ಕಾರ್ಖಾನೆಗಳಲ್ಲಿ ಫಲಕಗಳ ಜೋಡಣೆ ನಡೆಯುತ್ತಿದೆ. ಶುದ್ಧ ಸಿಲಿಕಾನಿನ ಬಹುಭಾಗ ಮಾತ್ರ ಚೀನಾದಲ್ಲಿ, ಹೆಚ್ಚಾಗಿ ಕಲ್ಲಿದ್ದಲಿನ ವಿದ್ಯುತ್ತಿನಿಂದಲೇ ತಯಾರಾಗುತ್ತದೆ. ಫಲಕದ ಮೇಲಿರುವ ಇಂಗಾಲದ ಸಾಲ ಬಹುಮಟ್ಟಿಗೆ ಈ ಹಂತದ್ದು.

ಸಿಲಿಕಾನಿನ ಮೂಲ ಬೆಣಚುಕಲ್ಲು. ಗಾಜಿನ ಮೂಲ ಅದೇ ಜಾತಿಯ ಮರಳು. ಇವುಗಳ ಧೂಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದಾಗ ಉಸಿರಿನೊಡನೆ ಶ್ವಾಸಕೋಶದ ಆಳವನ್ನು ಸೇರಿ, ಅಲ್ಲಿನ ಮೃದುವಾದ ಅಂಗಾಂಶವನ್ನು ಗಂಟುಗಂಟಾಗಿ ಗಡುಸುಗೊಳಿಸುತ್ತದೆ. ಇದೇ ಸಿಲಿಕೋಸಿಸ್ ರೋಗ. ಇದನ್ನು ಗುಣಪಡಿಸುವ ಔಷಧವಿಲ್ಲ. ರೋಗಿಗೆ ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ. ವಡೋದರಾಕ್ಕೆ ಹೆಚ್ಚು ದೂರವಲ್ಲದ ಗೋಧ್ರಾದ ಬೆಣಚುಕಲ್ಲು ಪುಡಿಮಾಡುವ ಕಾರ್ಖಾನೆಗಳಲ್ಲಿ ದುಡಿದು, ಈ ರೋಗದಿಂದ ಮಡಿದ 238 ಮಂದಿ ಮಧ್ಯಪ್ರದೇಶದ ಕೂಲಿಕಾರರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ನೀಡುವಂತೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಜರಾತ್ ಸರ್ಕಾರಕ್ಕೆ ಆದೇಶಿಸಿತು. ಆ ಕಾರ್ಖಾನೆಗಳು ಸೌರಫಲಕಕ್ಕಾಗಿ ನಡೆದವಲ್ಲ. ಆದರೆ ಕಲ್ಲು ಅದೇ, ಧೂಳೂ ಅದೇ. ಕಲ್ಲನ್ನು ನೀರು ಹಾಯಿಸಿ ಒಡೆಯುವುದು, ಧೂಳು ಏಳುವಲ್ಲಿಯೇ ಅದನ್ನು ಹೀರಿಕೊಳ್ಳುವ ಯಂತ್ರವನ್ನಿಡುವುದು ಮೊದಲಾದ ಕ್ರಮಗಳಿಂದ ಈ ಸಾವುಗಳನ್ನು ತಡೆಯಬಹುದು. 1966ರಲ್ಲಿ ಆರಂಭವಾದ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ಇಂತಹ ರೋಗಗಳ ಅಧ್ಯಯನದಲ್ಲಿ ದಶಕಗಳಿಂದ ತೊಡಗಿದೆ.

ಬಾಳು

ತಾರಸಿಯನ್ನೇರಿದ ಮೇಲೆ ಫಲಕವು ತನ್ನ ಸಾಲವನ್ನು ಬೇಗನೆ ತೀರಿಸುತ್ತದೆ. ತನ್ನ ತಯಾರಿಕೆಗೆ ವ್ಯಯವಾದ ಶಕ್ತಿಯನ್ನು ಗುಜರಾತಿನಂತಹ ಬಿಸಿಲ ನಾಡಿನಲ್ಲಿ ಅದು ಒಂದೆರಡು ವರ್ಷಗಳಲ್ಲಿಯೇ ಹಿಂದಿರುಗಿಸಿ, ಆಮೇಲೆ ಇಪ್ಪತ್ತು ವರ್ಷಗಳಿಗೂ ಮೀರಿ ದುಡಿಯುತ್ತದೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯ 2014ರ ವರದಿಯಂತೆ, ಹುಟ್ಟಿನಿಂದ ಅಳಿವಿನವರೆಗಿನ ಲೆಕ್ಕದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲು ಸುಮಾರು 820 ಗ್ರಾಂ ಇಂಗಾಲಾನಿಲವನ್ನು ಹೊರಸೂಸಿದರೆ ತಾರಸಿಯ ಫಲಕದ ಪಾಲು 41 ಗ್ರಾಂ. ಅಂದರೆ ಇಪ್ಪತ್ತನೆಯ ಒಂದು ಭಾಗ. ದಿನಕ್ಕೆ ಸುಮಾರು 12 ಯೂನಿಟ್ ನೀಡುವ 3 ಕಿಲೋವಾಟ್ ಸಾಧನವು ಕಲ್ಲಿದ್ದಲಿನ ವಿದ್ಯುತ್ತಿಗೆ ಬದಲಾಗಿ ದುಡಿದರೆ ವರ್ಷಕ್ಕೆ 3 ಟನ್ನಿಗೂ ಹೆಚ್ಚು ಇಂಗಾಲಾನಿಲ ಉಳಿಯುತ್ತದೆ. ಇದಲ್ಲದೆ, ಕಲ್ಲಿದ್ದಲಿನ ಹೊಗೆಯೊಡನೆ ಶ್ವಾಸಕೋಶ, ಹೃದಯಗಳನ್ನು ಬಾಧಿಸುವ ಸೂಕ್ಷ್ಮ ಕಣಗಳೂ ಅಷ್ಟರಮಟ್ಟಿಗೆ ತಗ್ಗುತ್ತವೆ.

ಅಳಿವು

ಕಳವಳಕ್ಕೆ ಕಾರಣವಾದುದು ಕೊನೆಯ ಹಂತ. 3 ಕಿಲೋವಾಟ್ ಸಾಧನದ ಫಲಕಗಳ ತೂಕ ಒಂದೂವರೆ ಕ್ವಿಂಟಲಿನಷ್ಟು. ಕೇಂದ್ರದ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಸೌರಫಲಕಗಳನ್ನೂ ಒಳಗೊಂಡಿವೆ. 2034-35ರವರೆಗೆ ಉಂಟಾಗುವ ಫಲಕತ್ಯಾಜ್ಯವನ್ನು ತಯಾರಕರು ಕ್ರಮಬದ್ಧವಾಗಿ ಸಂಗ್ರಹಿಸಿಡಬೇಕೆಂದು ವಿಧಿಸಿವೆ. ಆದರೆ ಮನೆಯವರು ಹಳೆಯ ಫಲಕವನ್ನು ಗುಜರಿಯವನಿಗೆ ಮಾರಿಬಿಟ್ಟರೆ ನಿಯಮದ ಈ ಸರಪಳಿ ಮೊದಲ ಕೊಂಡಿಯಲ್ಲಿಯೇ ಕಳಚಿಹೋಗುತ್ತದೆ. ಗುಜರಾತಿನಲ್ಲಿ ಗುಜರಿಗೆ ‘ಭಂಗಾರ’ ಎನ್ನುತ್ತಾರೆ. ಅಲ್ಲಿ ಬೆಲೆಯುಳ್ಳದ್ದು ಅಲ್ಯೂಮಿನಿಯಂ ಚೌಕಟ್ಟು ಮತ್ತು ತಾಮ್ರದ ತಂತಿ ಮಾತ್ರ. ಉಳಿದುದು ಪಿರಾಣಾದಂತಹ ಕಸದ ಗುಡ್ಡಗಳನ್ನು ಸೇರಬಹುದು, ಇಲ್ಲವೆ ಬೆಂಕಿಗೆ ಬೀಳಬಹುದು. ಹಿಂಬದಿಯ ಹಾಳೆಯಲ್ಲಿ ಫ್ಲೋರಿನ್ ಇದ್ದರೆ, ಸುಟ್ಟಾಗ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುವ ವಿಷಾನಿಲ ಏಳುತ್ತದೆ. ಒಡೆದ ಫಲಕದ ಬೆಸುಗೆಯ ಸೀಸ ಮಣ್ಣಿಗೂ ನೀರಿಗೂ ಇಳಿಯಬಹುದು. ಬೆಳೆಯುವ ಮಕ್ಕಳ ಮೆದುಳಿಗೆ ಹಾನಿಯಿಲ್ಲವೆನ್ನಬಹುದಾದ ಸೀಸದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಫಲಕದಲ್ಲಿರುವ ಸೀಸ ಕೆಲವೇ ಗ್ರಾಂ ಇದ್ದೀತು. ಫಲಕಗಳ ಸಂಖ್ಯೆಯೇನೂ ಕಡಿಮೆಯಲ್ಲ. ಪಾವಗಡದ ವಿಶಾಲ ಸೌರಕ್ಷೇತ್ರವನ್ನು ಹೊಂದಿದ ಕರ್ನಾಟಕದ ಮುಂದೆಯೂ ಇದೇ ಸಮಸ್ಯೆಯಿದೆ.

ಗೃಹಸ್ಥರು ಗಮನಿಸಬೇಕಾದ ಅಂಶಗಳು

1. ಕೊಳ್ಳುವಾಗಲೇ, ಆಯುಷ್ಯ ಮುಗಿದ ಫಲಕವನ್ನು ಹಿಂದಕ್ಕೆ ಪಡೆಯುವವರಾರು ಎಂಬುದನ್ನು ಕೇಳಿ ಲಿಖಿತವಾಗಿ ಪಡೆಯಬೇಕು. ರಸೀದಿಯನ್ನೂ ಫಲಕಗಳ ಕ್ರಮಾಂಕವನ್ನೂ ಜೋಪಾನವಾಗಿಡಬೇಕು.

2. ಉತ್ತರಾಯಣದ ಗಾಳಿಪಟದ ಸಂಭ್ರಮದಲ್ಲಿ ಫಲಕಗಳ ಮೇಲೆ ಕಾಲಿಡಬಾರದು. ತುಳಿತದಿಂದ ಒಳಗೆ ಕಾಣದ ಬಿರುಕುಗಳು ಮೂಡಿ ಫಲಕದ ಆಯುಷ್ಯ ಕುಗ್ಗುತ್ತದೆ.

3. ಒಡೆದ ಫಲಕವೂ ಬಿಸಿಲಿನಲ್ಲಿ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಅದನ್ನು ಬರಿಗೈಯಿಂದ ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ತಿಳಿದವರನ್ನು ಕರೆಸಬೇಕು.

4. ಸೀಸದ ಬ್ಯಾಟರಿಯಿದ್ದಲ್ಲಿ ಹೆಚ್ಚಿನ ಎಚ್ಚರ ಅವಶ್ಯ. ಅದರಲ್ಲಿನ ಸೀಸ ಗ್ರಾಂಗಳ ಲೆಕ್ಕದ್ದಲ್ಲ, ಕಿಲೋಗಳ ಲೆಕ್ಕದ್ದು. ಹಳೆಯ ಬ್ಯಾಟರಿಯನ್ನು ಮಾರಿದ ಅಂಗಡಿಗೇ ಹಿಂದಿರುಗಿಸಬೇಕು.

ಸೌರವಿದ್ಯುತ್ತಿನಿಂದಾಗುವ ಹಿತವು ಅದರ ದೋಷಕ್ಕಿಂತ ಅನೇಕ ಪಾಲು ಹೆಚ್ಚಿನದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಿತವು ತಾರಸಿಯ ಕೆಳಗೆ ವಾಸಿಸುವವರಿಗೂ, ದೋಷವು ಕಲ್ಲು ಒಡೆಯುವವರಿಗೂ ಗುಜರಿ ಆಯುವವರಿಗೂ ಹಂಚಿಹೋಗುವುದು ನ್ಯಾಯವಲ್ಲ. ಬೆಳಕನ್ನು ಪಡೆದ ಮನೆಯೇ ಆ ಫಲಕದ ಕೊನೆಯ ಹೊಣೆಯನ್ನೂ ಹೊತ್ತಾಗ ಮಾತ್ರ ಅದು ನಿಜವಾಗಿ ನಿರ್ಮಲವಾದ ಬೆಳಕೆನಿಸುತ್ತದೆ.