ಲಾ ಪಾಜ್‌ಗೆ ಹೋದವರು ಮೊದಲ ದಿನ ಓಡಬಾರದು

ಭೂಪಟದಲ್ಲಿ ದಕ್ಷಿಣ ಅಮೆರಿಕದ ಬೊಲಿವಿಯಾ ದೇಶವನ್ನು ಹುಡುಕಿ. ಅದಕ್ಕೆ ಸಮುದ್ರ ಇಲ್ಲ, ಪಶ್ಚಿಮಕ್ಕೆ ಆಂಡಿಸ್ ಪರ್ವತ. ಅಲ್ಲೇ, ಸುಮಾರು 3,600 ಮೀಟರ್ ಎತ್ತರದಲ್ಲಿ ಲಾ ಪಾಜ್ ಇದೆ. ಕ್ವಿಜ್‌ನಲ್ಲಿ ಹುಷಾರು! ಸಂವಿಧಾನದ ಪ್ರಕಾರ ರಾಜಧಾನಿ ಸುಕ್ರೆ. ಆದರೆ 1899ರ ಅಂತರ್ಯುದ್ಧದ ನಂತರ ಸರ್ಕಾರ, ಸಂಸತ್ತು ಎಲ್ಲ ನಡೆಯೋದು ಲಾ ಪಾಜ್‌ನಲ್ಲಿ. ಲೋಕದ ಅತಿ ಎತ್ತರದ ರಾಜಧಾನಿ ಅಂತ ಇದನ್ನೇ ಹೇಳುತ್ತಾರೆ.

ಇಲ್ಲಿಗೆ ಬಂದವರನ್ನು ಮೊದಲು ಕಾಡೋದು ಗಾಳಿ. ವಿಮಾನ ನಿಲ್ದಾಣ ಇನ್ನೂ ಮೇಲೆ, 4,000 ಮೀಟರ್ ದಾಟಿದ ಎಲ್ ಆಲ್ಟೊದಲ್ಲಿದೆ. ಚೀಲ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. "ಅಲ್ಲಿ ಆಮ್ಲಜನಕ ಕಡಿಮೆ" ಅಂತ ನಾವು ಹೇಳಿಬಿಡ್ತೀವಿ. ಅದು ಅರ್ಧ ನಿಜ. ಅಲ್ಲೂ ಗಾಳಿಯ 100 ಭಾಗದಲ್ಲಿ ಆಮ್ಲಜನಕ ಸುಮಾರು 21 ಭಾಗವೇ. ಕಡಿಮೆ ಇರೋದು ವಾಯುಒತ್ತಡ. ಸಮುದ್ರ ಮಟ್ಟದಲ್ಲಿ ಮೂರು ಪಾಲು ಅಂದರೆ ಅಲ್ಲಿ ಎರಡೇ ಪಾಲು. ಹೀಗೆ ಗಾಳಿ ತೆಳುವಾದಾಗ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಮ್ಮಿ. ಅದೇ ಕಾರಣಕ್ಕೆ ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಕಾಳು ಬೇಯಿಸೋಕೆ ಬಹಳ ಹೊತ್ತು!

ಹೊಸಬರಿಗೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. ಅಲ್ಲಿಯವರು ಇದಕ್ಕೆ 'ಸೊರೋಚೆ' ಅನ್ನುತ್ತಾರೆ. ಮೊದಲ ಎರಡು ದಿನ ನಿಧಾನ ನಡೀಬೇಕು, ನೀರು ಕುಡೀಬೇಕು, ಊಟ ಹಗುರ ಇರಬೇಕು. ದೇಹ ಹೆಚ್ಚು ಸಲ ಉಸಿರಾಡಿ ಹೊಂದಿಕೊಳ್ಳುತ್ತದೆ, ವಾರಗಳು ಕಳೆದಂತೆ ಕೆಂಪು ರಕ್ತಕಣಗಳೂ ಹೆಚ್ಚುತ್ತವೆ. ಆದರೆ ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ನಡೆಯುವಾಗ ತೂರಾಡಿದರೆ, ಧೈರ್ಯ ತೋರಿಸೋಕೆ ಹೋಗಬಾರದು. ಪ್ರಾಣಕ್ಕೇ ಅಪಾಯ. ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು, ತಗ್ಗಿನ ಊರಿಗೆ ಇಳಿಯಬೇಕು.

ಆಟಗಾರರಿಗೂ ಇದು ತಪ್ಪಿದ್ದಲ್ಲ. 2009ರಲ್ಲಿ ಮೆಸ್ಸಿ ಇದ್ದ ಅರ್ಜೆಂಟೀನಾ ಇಲ್ಲಿ 6-1 ಗೋಲುಗಳಿಂದ ಸೋತಿತು. ಬೊಲಿವಿಯಾದವರು ಚೆನ್ನಾಗಿಯೇ ಆಡಿದರು ಬಿಡಿ, ಆದರೂ ಗಾಳಿಯ ಸಹಾಯ ಇರಲಿಲ್ಲ ಅನ್ನೋಕಾಗಲ್ಲ.

ಊರು ಬಾಣಲೆಯ ಹಾಗಿದೆ. ತಳದಲ್ಲಿ ಚಳಿ ಕಡಿಮೆ, ಅಲ್ಲಿ ಹಣವಂತರ ಮನೆಗಳು. ಮೇಲೆ ಅಂಚಿನಾಚೆಯ ಎಲ್ ಆಲ್ಟೊದಲ್ಲಿ ಹೆಚ್ಚಾಗಿ ದುಡಿಯುವ ಜನ. 2014ರಿಂದ ಎರಡರ ನಡುವೆ ತಂತಿಯ ಮೇಲೆ ತೂಗುವ ಡಬ್ಬಿಗಳು ಓಡಾಡುತ್ತವೆ, ನಮ್ಮ ಸಿಟಿ ಬಸ್ಸಿನಂತೆ ಜನ ಅದರಲ್ಲೇ ಕೆಲಸಕ್ಕೆ ಹೋಗುತ್ತಾರೆ.

ನನಗೆ ತುಂಬ ಹಿಡಿಸಿದ್ದು ಆಲೂಗಡ್ಡೆ. ನಮ್ಮ ಪಲ್ಯದ ಆಲೂಗಡ್ಡೆಯ ತವರು ಇದೇ ಆಂಡಿಸ್ ಸೀಮೆ. ಅಲ್ಲಿಯ ರೈತರು ಅದನ್ನು ರಾತ್ರಿ ಹಿಮದಲ್ಲಿ ಹರಡುತ್ತಾರೆ, ಹಗಲು ಕಾಲಿಂದ ತುಳಿದು ನೀರು ತೆಗೆದು ಬಿಸಿಲಿಗೆ ಒಣಗಿಸುತ್ತಾರೆ. ಕಲ್ಲಿನಂತಾದ ಅದರ ಹೆಸರು ಚುನ್ಯೊ. ವರ್ಷಗಟ್ಟಲೆ ಇಟ್ಟರೂ ಕೆಡೋದಿಲ್ಲ.