ಮಣ್ಣಿನಲ್ಲಿ ಸಿಕ್ಕ ಒಡವೆ



ನಮ್ಮ ಗೋಣಿಬೀಡಿನ ಸುತ್ತ ಗುದ್ದಲಿ ಸುಮ್ಮನೆ ಕೂರುವುದಿಲ್ಲ. ಕಾಫಿ ಗಿಡ ನೆಡಲು ಗುಂಡಿ ತೆಗೆಯುತ್ತೇವೆ. ಮಳೆ ನೀರು ಇಂಗಲು ತೊಟ್ಟಿಲು ಗುಂಡಿ ತೆಗೆಯುತ್ತೇವೆ. ಮನೆ ಕಟ್ಟಲು ಪಾಯ ತೆಗೆಯುತ್ತೇವೆ. ಹೀಗೆ ಅಗೆಯುವಾಗ ಹಳೆಯ ಒಡವೆ ಸಿಕ್ಕರೆ ಎಂತ ಮಾಡೋದು?

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಸೆರಗಿನ ಗಂಟು ಬಿಚ್ಚಿದರು. ಒಳಗೆ ಮಣ್ಣು ಮೆತ್ತಿದ ಒಂದು ಓಲೆ.

"ಟೀಚ್ರೇ, ಗುಂಡಿ ತೆಗೆಯುವಾಗ ಸಿಕ್ತು. ಇದು ಬಂಗಾರವಾ? ಯಾರಿಗೆ ಕೊಡೋದು? ಕೊಟ್ರೆ ನಡುವೆ ಯಾರಾದ್ರೂ ನುಂಗಿಬಿಡ್ತಾರೆ. ಇಟ್ಕೊಂಡ್ರೆ ನಾಳೆ ನಾನೇ ಕದ್ದೆ ಅಂತಾರೆ" ಎಂದರು.

ಎಲ್ಲರೂ ಸುಮ್ಮನಾದರು. ಬಡವರ ಕೈಯಲ್ಲಿ ಒಡವೆ ಕಂಡರೆ ಜನ ಏನಂತಾರೆ ಎಂದು ನಮಗೆಲ್ಲ ಗೊತ್ತು. ಅಂದು ನಾವೆಲ್ಲ ಕೂಡಿ ಕಲಿತದ್ದೇ ಈ ಪಾಠ.

ಯಾವ ಲೋಹ?

ಮೊದಲು ಬಣ್ಣ ನೋಡೋಣ. ಕಬ್ಬಿಣ ಮಣ್ಣಿನಲ್ಲಿ ತುಕ್ಕು ಹಿಡಿಯುತ್ತದೆ. ಬೆಳ್ಳಿ ಕಪ್ಪಾಗುತ್ತದೆ. ತಾಮ್ರ, ಹಿತ್ತಾಳೆ ಹಸಿರು ಕಿಲುಬು ಕಟ್ಟುತ್ತವೆ. ಚಿನ್ನಕ್ಕೆ ತುಕ್ಕಿಲ್ಲ, ಕಿಲುಬಿಲ್ಲ. ನೂರಾರು ವರ್ಷ ಮಣ್ಣಿನಲ್ಲಿದ್ದರೂ ಅದು ಹಳದಿಯಾಗಿಯೇ ಇರುತ್ತದೆ. ಬೇರೆ ಲೋಹ ಹೆಚ್ಚು ಬೆರೆಸಿದ್ದರೆ ಮಾತ್ರ ಮಂಕಾಗಬಹುದು.

ತೂಕವೂ ಗುಟ್ಟು ಹೇಳುತ್ತದೆ. ಒಂದೇ ಗಾತ್ರದ ಹಿತ್ತಾಳೆ ತುಂಡು ಮತ್ತು ಚಿನ್ನದ ತುಂಡು ತೂಗಿ ನೋಡಿದರೆ, ಅಪ್ಪಟ ಚಿನ್ನ ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಖಚಿತವಾಗಿ ಹೇಳಲು ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜಿ ನೋಡುತ್ತಾರೆ.

ಹಳೆಯದೋ, ಹೊಸದೋ?

ಕಳೆದ ವರ್ಷ ಕಳೆ ತೆಗೆಯುವಾಗ ಯಾರದೋ ಸರ ಬಿದ್ದಿರಬಹುದು. ಅದು ನಿಧಿಯಲ್ಲ. ಅದಕ್ಕೆ ಒಡತಿ ಇದ್ದಾಳೆ. ಅವಳಿಗೆ ಮುಟ್ಟಬೇಕು.

ಒಡವೆಯ ಹಿಂಭಾಗ ನೋಡಿ. 916 ಎಂದು ಕೊರೆದಿದ್ದರೆ ಅದು 22 ಕ್ಯಾರೆಟ್ ಚಿನ್ನ ಎಂದು ಅರ್ಥ. 1000 ಪಾಲಿನಲ್ಲಿ 916 ಪಾಲು ಚಿನ್ನ. ನಮ್ಮ ದೇಶದಲ್ಲಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಮುದ್ರೆ ಬಂದದ್ದು 2000ರಲ್ಲಿ. ಆ ಮುದ್ರೆ ಇದ್ದರೆ ಒಡವೆ ಹೊಸದು. ಮುದ್ರೆ ಇಲ್ಲ ಎಂದ ಮಾತ್ರಕ್ಕೆ ಹಳೆಯದು ಎನ್ನಲೂ ಆಗದು.

ಹಳೆಯ ಒಡವೆ ಕೈಕೆಲಸದ್ದು. ಎರಡು ಗುಂಡು ಒಂದೇ ಅಚ್ಚಿನಂತೆ ಇರುವುದಿಲ್ಲ. ಟೊಳ್ಳು ಗುಂಡಿನೊಳಗೆ ಅರಗು ತುಂಬಿರುವುದೂ ಉಂಟು. ಬುಗುಡಿ, ಕೊಪ್ಪು, ವಂಕಿ, ಡಾಬು, ಕಾಸಿನ ಸರ ಇವನ್ನು ಅಜ್ಜಿಯರಿಗೆ ತೋರಿಸಿದರೆ ಕೂಡಲೇ ಹೆಸರು ಹೇಳುತ್ತಾರೆ. ಈ ತಿಳಿವಳಿಕೆ ಹೆಂಗಸರದ್ದು.

ಜೊತೆಗೆ ನಾಣ್ಯ ಸಿಕ್ಕರೆ ಕಾಲ ತಿಳಿಯುವುದು ಸುಲಭ. ಗಂಟಿನಲ್ಲಿ ಎಲ್ಲಕ್ಕಿಂತ ಹೊಸ ನಾಣ್ಯ ಯಾವುದೋ, ಗಂಟು ಹೂತದ್ದು ಅದಕ್ಕಿಂತ ಮೊದಲಲ್ಲ.

ಹುಣಸೆಹಣ್ಣು ಹಾಕಿ ತಿಕ್ಕಬೇಡಿ

ಇದು ನಾವೆಲ್ಲ ಮಾಡುವ ತಪ್ಪು. ಮೆತ್ತಿದ ಮಣ್ಣು, ಮಡಕೆಯ ಚೂರು, ಪಕ್ಕದ ಕಲ್ಲು ಎಲ್ಲವೂ ಸಾಕ್ಷಿ. ಒಡವೆ ಎಷ್ಟು ಹಳೆಯದು, ಯಾಕೆ ಹೂತರು ಎಂದು ತಿಳಿದವರು ಅದರಿಂದಲೇ ಹೇಳುತ್ತಾರೆ. ತಿಕ್ಕಿದರೆ ಹೊಳಪು ಬರುತ್ತದೆ, ಕಥೆ ಹೋಗುತ್ತದೆ. ಕರಗಿಸಿದರೆ ಎಲ್ಲವೂ ಹೋಗುತ್ತದೆ.

'ಬೀಪ್' ಎನ್ನುವ ಯಂತ್ರ

ಲೋಹ ಹುಡುಕುವ ಯಂತ್ರವೊಂದಿದೆ. ಅದಕ್ಕೆ ಮೆಟಲ್ ಡಿಟೆಕ್ಟರ್ ಎನ್ನುತ್ತಾರೆ. ಉದ್ದ ಕೋಲಿನ ತುದಿಗೆ ತಟ್ಟೆ. ತಟ್ಟೆಯೊಳಗೆ ತಂತಿಯ ಸುರುಳಿ. ನೆಲದೊಳಗೆ ಲೋಹ ಇದ್ದರೆ 'ಬೀಪ್' ಎಂದು ಕೂಗುತ್ತದೆ. ಆದರೆ ಚಿನ್ನಕ್ಕೂ ಕೂಗುತ್ತದೆ, ಲಾಳದ ಮೊಳೆಗೂ ಕೂಗುತ್ತದೆ, ಸೋಡಾ ಬಾಟಲಿಯ ಮುಚ್ಚಳಕ್ಕೂ ಕೂಗುತ್ತದೆ.

"ನಿಮ್ಮ ಹಿತ್ತಲಲ್ಲಿ ನಿಧಿ ಇದೆ, ಯಂತ್ರ ತೋರಿಸ್ತಿದೆ, ಮುಂಗಡ ಕೊಡಿ, ಪೂಜೆ ಮಾಡಿ" ಎಂದು ಯಾರಾದರೂ ಬಂದರೆ ನಂಬಬೇಡಿ. ಯಂತ್ರಕ್ಕೆ ಪೂಜೆ ಬೇಡ, ಬಲಿ ಬೇಡ. ನಿಧಿಯ ಆಸೆಗೆ ಮಾಟ ಮಂತ್ರ, ಅಮಾನವೀಯ ಕೆಲಸ ಮಾಡುವುದನ್ನು ಕರ್ನಾಟಕದ 2017ರ ಕಾಯಿದೆ ತಡೆದಿದೆ.

ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ ಅಂಗಡಿ ಎಂಬ ಊರಿದೆ. ಹೊಯ್ಸಳರ ಮೂಲ ಊರು ಅದೇ. ಹಿಂದೆ ಅದರ ಹೆಸರು ಸೊಸೆವೂರು. ಅಲ್ಲಿ ಹಳೆಯ ಬಸದಿಗಳಿವೆ. ಇಂಥ ಕಡೆ ಕಳ್ಳರು ರಾತ್ರಿ ಅಗೆದರೆ ಗುಡಿ ಬೀಳುತ್ತದೆ, ಮೂರ್ತಿ ಒಡೆಯುತ್ತದೆ. ಸರ್ಕಾರ ಕಾಪಾಡುತ್ತಿರುವ ಹಳೆಯ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ.

ಕೊಟ್ಟವರು ಇದ್ದಾರೆ

2024ರ ಜುಲೈನಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಚೆಂಗಳಾಯಿ ಎಂಬಲ್ಲಿ ಉದ್ಯೋಗ ಖಾತ್ರಿ ಕೆಲಸದ ಹೆಂಗಸರು ರಬ್ಬರ್ ತೋಟದಲ್ಲಿ ಇಂಗುಗುಂಡಿ ತೆಗೆಯುತ್ತಿದ್ದರು. ಒಂದು ಗಂಟು ಸಿಕ್ಕಿತು. ಬಾಂಬ್ ಇರಬೇಕು ಎಂದು ಮೊದಲು ಹೆದರಿದರು. ನೋಡಿದರೆ ಒಳಗೆ ಮುತ್ತಿನ ಮಣಿ, ಚಿನ್ನದ ಪದಕ, ಉಂಗುರ, ಓಲೆ, ಬೆಳ್ಳಿ ನಾಣ್ಯ. ಅವರು ಹಂಚಿಕೊಳ್ಳಲಿಲ್ಲ. ಪಂಚಾಯಿತಿಗೆ ತಿಳಿಸಿದರು. ಪೊಲೀಸರು ಬಂದು ವಶಕ್ಕೆ ತೆಗೆದುಕೊಂಡರು. ಅವರೂ ನಮ್ಮಂತೆಯೇ ಕೂಲಿಯವರು.

2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ತೆಗೆಯುವಾಗ ತಾಮ್ರದ ಪಾತ್ರೆ ಸಿಕ್ಕಿತು. ಅದರೊಳಗೆ 400 ಗ್ರಾಂಗೂ ಮೀರಿದ ಚಿನ್ನದ ಒಡವೆ. ಆ ಮನೆಯ ಶಾಲಾ ಹುಡುಗ ಮುಚ್ಚಿಡದೆ ಹೇಳಿದ. ಒಡವೆ ಸರ್ಕಾರಕ್ಕೆ ಸೇರಿತು. ನಾಡೆಲ್ಲ ಆ ಹುಡುಗನನ್ನು ಮೆಚ್ಚಿತು.

ಬಾಯಿಮಾತು ಸಾಲದು, ಬರೆದು ಕೊಡಿ

ನಿಧಿಯ ಕಾನೂನು ಹೊಸದಲ್ಲ. 1878ರಲ್ಲೇ ಬಂದಿದೆ. ನಮ್ಮ ರಾಜ್ಯಕ್ಕೆ 1962ರಲ್ಲಿ ಬೇರೆ ಕಾಯಿದೆ ಆಯಿತು. ನಿಧಿ ಸಿಕ್ಕಿದರೆ ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು, ಇದನ್ನು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಅವರು ವಿಚಾರಣೆ ಮಾಡುತ್ತಾರೆ. ಮುಚ್ಚಿಟ್ಟವರಿಗೆ ಶಿಕ್ಷೆ ಉಂಟು.

ನೋಡಿ, ಕಾನೂನು ಕೇಳುವುದು ಬರಹವನ್ನೇ. ನಾವು ಅಕ್ಷರ ಕಲಿತದ್ದು ಇಂಥ ದಿನಕ್ಕೇ. ಒಡವೆ ಸಿಕ್ಕ ಕೂಡಲೇ ಅಗೆಯುವುದನ್ನು ನಿಲ್ಲಿಸಿ. ಜಾಗಕ್ಕೆ ಒಂದು ಗೂಟ ನೆಡಿ. ಇಬ್ಬರನ್ನು ಕರೆದು ತೋರಿಸಿ. ಎಣಿಸಿ ಪಟ್ಟಿ ಮಾಡಿ. ಆಮೇಲೆ ಹೀಗೆ ಬರೆಯಿರಿ:

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ತಹಶೀಲ್ದಾರರ ಮೂಲಕ.
ನಾನು ............ ಊರಿನವಳು. ತಾರೀಕು ............ ರಂದು ............ ಜಾಗದಲ್ಲಿ ಮಣ್ಣು ತೆಗೆಯುವಾಗ ಈ ಒಡವೆ ಸಿಕ್ಕಿತು: ............. ಒಟ್ಟು ಎಣಿಕೆ ............. ನೋಡಿದವರು ............ ಮತ್ತು ............. ದಯವಿಟ್ಟು ಪಡೆದು ರಸೀದಿ ಕೊಡಬೇಕು.
ಇಂತಿ, (ಸಹಿ)

ಎರಡು ಪ್ರತಿ ಬರೆಯಿರಿ. ಒಂದನ್ನು ಕೊಡಿ. ಇನ್ನೊಂದಕ್ಕೆ ಮುದ್ರೆ, ಸಹಿ ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆ ಕಾಗದ ಇದ್ದರೆ ನಡುವೆ ಯಾರೂ ನುಂಗಲಾರರು. ಕದ್ದಳು ಎಂದು ಯಾರೂ ಬೆರಳು ತೋರಿಸಲಾರರು.

ನಮ್ಮ ಅಕ್ಕನ ಓಲೆಯನ್ನು ದೀಪದ ಬೆಳಕಿಗೆ ಹಿಡಿದೆವು. ಅಂಚಿನಲ್ಲಿ ಹಸಿರು ಕಿಲುಬು ಕಂಡಿತು. "ಅಯ್ಯೋ, ತಾಮ್ರವಾ!" ಎಂದು ಒಬ್ಬರು ನಕ್ಕರು. ಅಕ್ಕ ನಗಲಿಲ್ಲ. "ತಾಮ್ರವಾದ್ರೆ ಎಂತ? ಯಾರದೋ ಕಿವಿಯಲ್ಲಿದ್ದದ್ದು ತಾನೆ. ಬರೆದೇ ಕೊಡ್ತೀನಿ" ಎಂದರು. ಎರಡು ಪ್ರತಿಯನ್ನೂ ಅವರೇ ಬರೆದರು. ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದರು. ಮುದ್ರೆ ಬಿದ್ದ ಆ ಕಾಗದವನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟಿದ್ದಾರೆ.

ಮಾತಾಡೋಣ, ಬರೆಯೋಣ

1. ಮಣ್ಣಿನಲ್ಲಿ ಕಪ್ಪಾಗುವ ಲೋಹ ಯಾವುದು? ಹಸಿರಾಗುವುದು ಯಾವುದು?
2. ಹಳೆಯ ಒಡವೆಯನ್ನು ಯಾಕೆ ತಿಕ್ಕಬಾರದು?
3. ನಿಮ್ಮ ಅಜ್ಜಿ ಹಾಕುತ್ತಿದ್ದ ಮೂರು ಒಡವೆಗಳ ಹೆಸರು ಬರೆಯಿರಿ.
4. ಮೇಲಿನ ಅರ್ಜಿಯನ್ನು ನಿಮ್ಮ ಹೆಸರು, ಊರು ಸೇರಿಸಿ ಬರೆದು ಸಹಿ ಹಾಕಿ.