ಕಾಫಿ ಲೋಟ, ಟಾನಿಕ್ ಡಬ್ಬಿ

ಬೆಳಗಿನ ಕಾಫಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಯಾವಾಗ ಕುಡಿಯುತ್ತೀರಿ ಎಂಬುದನ್ನು ಮಾತ್ರ ಗಮನಿಸಿ. ಊಟವಾದ ಕೂಡಲೇ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆ ಇರುವವರು ನಡುವೆ ಒಂದು ಗಂಟೆಯಾದರೂ ಬಿಡಬೇಕು. ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನಲ್ಲೇ ನುಂಗಿ. ಕಾಫಿ ಒಂದು ಗಂಟೆ ಕಾಯಲಿ. ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನ್‌ನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ದೇಹದಲ್ಲೇ ಇರುತ್ತದೆ. ನಿದ್ದೆ ಬಾರದೆ ಹೊರಳಾಡುವವರು ಮೊದಲು ಆ ಲೋಟ ಬಿಟ್ಟು ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ ಮಿತಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್. 150 ಮಿ.ಲೀ. ಸೋಸಿದ ಕಾಫಿಯಲ್ಲೇ 80ರಿಂದ 120 ಮಿಲಿಗ್ರಾಂ ಇರುತ್ತದೆ. ಕಾಫಿಪುಡಿಗೆ ಬೆರೆಸುವ ಚಿಕೋರಿಯಲ್ಲಿ ಮಾತ್ರ ಕೆಫೀನ್ ಇಲ್ಲ.

ನನಗೆ ಹೆಚ್ಚು ಆತಂಕವಿರುವುದು ಟಾನಿಕ್ ಬಗ್ಗೆ. 'ಗಿಡಮೂಲಿಕೆ ತಾನೇ, ಏನೂ ಆಗಲ್ಲ' ಎನ್ನುತ್ತಲೇ ಡಬ್ಬಿ ಮನೆಗೆ ಬರುತ್ತದೆ. ಕೊರಿಯಾ, ಚೀನಾ ಕಡೆಯ ಜಿನ್ಸೆಂಗ್ ಬೇರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧದ ಬಲ ಕುಗ್ಗಿಸಬಹುದು. ಸಕ್ಕರೆ ಕಾಯಿಲೆಯ ಮಾತ್ರೆಯೊಡನೆ ಸೇರಿದರೆ ಸಕ್ಕರೆ ತೀರಾ ಇಳಿಯಬಹುದು. ನಮ್ಮ ಅಶ್ವಗಂಧವನ್ನು 'ಭಾರತದ ಜಿನ್ಸೆಂಗ್' ಎಂದು ಮಾರುತ್ತಾರೆ. ನಿಜದಲ್ಲಿ ಅದು ಬದನೆ, ಟೊಮೆಟೊಗಳ ಬಳಗದ್ದು. ಅದರಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಅಪರೂಪವಾದರೂ ದಾಖಲಾಗಿವೆ. ಥೈರಾಯ್ಡ್ ಹಾರ್ಮೋನ್ ಕೂಡ ಏರಬಹುದು. ಬಸುರಿಯರಿಗೆ ಖಂಡಿತ ಬೇಡ.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಮಾತ್ರೆಗಳ ಜೊತೆ ಆ ಡಬ್ಬಿಯನ್ನೂ ಕೈಚೀಲದಲ್ಲಿ ಹಾಕಿಕೊಂಡು ಹೋಗಿ, ತೋರಿಸಿ.